ಕೊಡಲಾಗದ ಇಷ್ಟಗಳು

ಹಸಿರು ಗಾಜಿನ ಬಳೆ. ಅದರ ಒಂದು ಕಡೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಗಾಳಿಗುಳ್ಳೆಯೊಂದು ಗಾಜಿನೊಳಗೇ ಉಳಿದುಹೋಗಿತ್ತು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಅದನ್ನು ಬೆಳಕಿಗೆ ಹಿಡಿದು ನೋಡುವ ಸಂದರ್ಭ ಬಂದದ್ದು, ಬಳೆ ನನ್ನ ಕೈಗೇ ಬಂದುಬಿಟ್ಟಿದ್ದರಿಂದ.

ನರಸಿಂಹರಾಜಪುರದಲ್ಲಿ ಅದು ನನ್ನ ಮೊದಲ ತರಗತಿ. ಇಷ್ಟ, ಹವ್ಯಾಸ ಇವುಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದು ಅಂದಿನ ಪಾಠ. ಸುಲಭವಾದದ್ದರಿಂದ ಶುರು ಮಾಡೋಣವೆಂದು, ಮುಂದಿನ ಬೆಂಚಿನಲ್ಲಿ ಕುಳಿತಿದ್ದವರ ಕೈ ನೋಡಿ "ಐ ಲೈಕ್ ಯುವರ್ ಬ್ಯಾಂಗಲ್ಸ್" ಎಂದೆ. ಬೋರ್ಡಿನ ಮೇಲೂ ಬರೆದೆ. ತಿರುಗಿ ನೋಡಿದರೆ ಒಂದು ಬಳೆ ನನ್ನ ಮೇಜಿನ ಮೇಲಿತ್ತು. ಗಾಜಿನ ಬಳೆ ಅಷ್ಟು ಸುಲಭವಾಗಿ ಕೈಬಿಟ್ಟು ಬರುವುದಿಲ್ಲ. ಆಕೆಯ ಕೈಗೆಣ್ಣು ಕೆಂಪಾಗಿತ್ತು.

"ತಗೊಳ್ಳಿ ಮೇಡಂ, ನಿಮ್ದೇ."

"ಅಯ್ಯೋ, ಬೇಡ. ನಾನು ಸುಮ್ಮನೆ ಉದಾಹರಣೆಗೆ ಹೇಳಿದ್ದು."

"ಇಷ್ಟ ಅಂದ್ರಲ್ಲ."

ಪಕ್ಕದವರು ನನಗೇ ಬುದ್ಧಿ ಹೇಳಿದರು. "ತಗೊಂಡ್ಬಿಡಿ ಮೇಡಂ. ವಾಪಸ್ ಕೊಟ್ರೆ ಅವಳಿಗೆ ಬೇಜಾರಾಗ್ತದೆ." ಹಿಂದಿನಿಂದ ಇನ್ನೊಬ್ಬರು, "ನಮ್ಮ ಅತ್ತೇನೂ ಒಂದ್ಸಲ ಇಷ್ಟ ಅಂತ ಹೇಳಿ ಮೇಡಂ. ನಾಳೇನೇ ನಿಮ್ಮನೆಗೆ ಕಳಿಸ್ತೀನಿ" ಎಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಬಳೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ನನ್ನ ಜಾಗಕ್ಕೆ ಬರುತ್ತಿರುವ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರು ಕೆಲಸ ಬಿಡುವುದಕ್ಕೆ ನಿವೃತ್ತಿ ಎಂಬ ಹೆಸರು ಒಪ್ಪುವುದಿಲ್ಲ. ಬಿಡುವ ಕಾರಣವೂ ಇಲ್ಲಿ ಬೇಡ. ವಾರದ ಮೊದಲೆರಡು ದಿನ ನರಸಿಂಹರಾಜಪುರ, ನಡುವೆ ಕೊಪ್ಪ, ಕೊನೆಗೆ ಶೃಂಗೇರಿ. ಮೂರು ಊರಿನಲ್ಲೂ ಮನೆಯಲ್ಲಿ ಉರ್ದು ಮಾತಾಡುವ ಹೆಂಗಸರಿಗೆ ಇಂಗ್ಲಿಷಿನಲ್ಲಿ ಮಾತಾಡಲು ಕಲಿಸುವುದು ನಿಮ್ಮ ಕೆಲಸ. ಅಂಗಡಿ ನೋಡಿಕೊಳ್ಳುವವರು, ಹೊಲಿಯುವವರು, ಮಕ್ಕಳ ಶಾಲೆಯ ಮೀಟಿಂಗಿನಲ್ಲಿ ಬಾಯಿ ಬಿಡಬೇಕೆಂದಿರುವವರು, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಯರು ಬರುತ್ತಾರೆ. ಪೇಟೆಯ ಕನ್ನಡ ಎಲ್ಲರಿಗೂ ಬರುತ್ತದೆ, ಹಾಗಾಗಿ ವಿವರಣೆ ಕನ್ನಡದಲ್ಲೇ ಕೊಡಬಹುದು. ಅವರ ನಡುವಿನ ಉರ್ದು ಮೊದಮೊದಲು ನನಗೆ ತಿಳಿಯುತ್ತಿರಲಿಲ್ಲ. ನಂತರ ತಿಳಿಯಿತು, ಆದರೆ ತಿಳಿಯುತ್ತದೆಂದು ಹೇಳಿಕೊಳ್ಳಲಿಲ್ಲ.

ಈ ಕೆಲಸದಲ್ಲಿ ನಿಮ್ಮ ಮೇಲಿನವರೆಂದರೆ ನಾಗೇಶ ಸರ್ ಒಬ್ಬರೇ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಮೂರು ಊರಿನ ತರಗತಿಗಳ ಮೇಲ್ವಿಚಾರಣೆ ಅವರದು. ಎಲ್ಲ ಪಾಠಗಳಿಗೂ ತಾವೇ ಸಿದ್ಧಪಡಿಸಿದ ಹಾಳೆಗಳನ್ನು ಕೊಡುತ್ತಾರೆ. ಹವ್ಯಾಸದ ಹಾಳೆಯಲ್ಲಿ ಓದು, ತೋಟಗಾರಿಕೆ, ಈಜು, ಅಂಚೆಚೀಟಿ ಸಂಗ್ರಹ, ಕುದುರೆ ಸವಾರಿ ಇತ್ಯಾದಿ ಇವೆ. ಒಂದನ್ನು ಆರಿಸಿಕೊಂಡು ವಾಕ್ಯ ಮಾಡಬೇಕು.

ಕೊಪ್ಪದ ತರಗತಿಯಲ್ಲಿ ಚಪ್ಪಲಿ ಅಂಗಡಿಯ ಖಮರುನ್ನೀಸಾ ಎಂಬ ಹಿರಿಯರು ಎದ್ದು ನಿಂತು, ತಮ್ಮ ಹವ್ಯಾಸ ಕುದುರೆ ಸವಾರಿ ಎಂದು ಸ್ಪಷ್ಟವಾಗಿ ಹೇಳಿ ಕುಳಿತರು.

"ಖಾಲಾ, ಕುದುರೆ ಎಲ್ಲಿ ಕಟ್ಟಿದೀರಿ?" ಎಂದು ಪಕ್ಕದ ಹುಡುಗಿ ಕೇಳಿದಳು.

"ಮೀನು ಮಾರ್ಕೆಟ್ ಹಿಂದೆ. ಹೋಗಿ ಹುಲ್ಲು ಹಾಕಿ ಬಾ."

ಪಾಠ ಮುಗಿದ ಮೇಲೆ ಯಾಕೆ ಅದನ್ನೇ ಆರಿಸಿಕೊಂಡಿರೆಂದು ಕೇಳಿದೆ. ಹಾಳೆಯಲ್ಲಿದ್ದ ಯಾವುದನ್ನೂ ತಾನು ಮಾಡುವುದಿಲ್ಲ, ಮಾಡದೇ ಇರುವುದನ್ನು ಹೇಳುವುದೇ ಆದರೆ ದೊಡ್ಡದನ್ನೇ ಹೇಳಬಹುದಲ್ಲ ಎಂದರು. ಬಿಡುವಿನಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂದೆ. "ಬಿಡುವು ಸಿಕ್ಕಿದ್ರೆ ಯಾರಾದ್ರೂ ನೋಡ್ತಾರಾ ಅಂತ ನೋಡ್ತೀನಿ. ನೋಡಿದ್ರೆ ಮತ್ತೆ ಕೆಲಸ ಹೇಳ್ತಾರಲ್ಲ" ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿಸಲು ಅರ್ಧ ತರಗತಿ ಬೇಕಾಯಿತು. ಆದರೆ ಅದು ಅವರ ಸ್ವಂತ ಮಾತಾಗಿತ್ತು, ಮರೆಯಲಿಲ್ಲ.

ಶೃಂಗೇರಿಯಲ್ಲಿ ಬೇರೆ ತರಹದ ಅನುಭವ. ಬ್ಯಾಗಿನ ಅಂಗಡಿಯ ಸೊಸೆಯೊಬ್ಬಳು ತರಗತಿಗೆ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಮಗುವಿನ ಕಣ್ಣು ಚೆನ್ನಾಗಿದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ತಾಯಿ ಸೆರಗಿನಿಂದ ಮಗುವಿನ ಮುಖ ಅರ್ಧ ಮುಚ್ಚಿದಳು. ಆಮೇಲೆ ವಯಸ್ಸಾದವರೊಬ್ಬರು ಮೆಲ್ಲಗೆ, "ಮಾಶಾ ಅಲ್ಲಾ ಅಂತ ಸೇರಿಸಿ ಮೇಡಂ. ಬರೀ ಚೆಂದ ಅಂದ್ರೆ ದೃಷ್ಟಿ ಆಗ್ತದೆ" ಎಂದರು. ಸೇರಿಸಿದೆ. ತಾಯಿ ಸೆರಗು ಸರಿಸಿದಳು. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷನ್ನೇ ಆಡಬೇಕೆಂಬುದು ನಾಗೇಶ ಸರ್ ನಿಯಮ. ಈ ಒಂದು ಮಾತಿಗೆ ಆ ನಿಯಮ ಹಾಕಬೇಡಿ. ಯಾರನ್ನಾದರೂ ಹೊಗಳಿದ ಮೇಲೆ ಒಂದು ಕ್ಷಣ ನಿಲ್ಲಿಸಿ, ಅವರು ಅದನ್ನು ಹೇಳಿಕೊಳ್ಳಲಿ.

ಇವೆಲ್ಲ ಬಿಡಿ ಸಂಗತಿಗಳೆಂದೇ ಬಹಳ ಕಾಲ ಅಂದುಕೊಂಡಿದ್ದೆ. ತಬಸ್ಸುಮ್ ವಿಷಯದಲ್ಲಿ ಅವು ಬಿಡಿಯಾಗಿ ಉಳಿಯಲಿಲ್ಲ.

ತಬಸ್ಸುಮ್ ಮುತ್ತಿನಕೊಪ್ಪದಿಂದ ಬಸ್ಸಿನಲ್ಲಿ ನರಸಿಂಹರಾಜಪುರಕ್ಕೆ ಬರುತ್ತಿದ್ದಳು. ಬಿ.ಎ. ಮುಗಿಸಿದ್ದಳು. ಮಾತು ಕಡಿಮೆ, ಉಚ್ಚಾರಣೆ ಶುದ್ಧ. ನರಸಿಂಹರಾಜಪುರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಎಲ್‌ಕೆಜಿಗೆ ಸಹಾಯಕ ಶಿಕ್ಷಕಿ ಬೇಕಾಗಿತ್ತು. ಅವಳಿಗೆ ಬೇಕಾದದ್ದು ಅದೊಂದೇ ಕೆಲಸ. ಸಿಕ್ಕಿದರೆ ದಿನಾ ಮನೆಯಿಂದ ಹೋಗಿಬರಬಹುದು. ಸಿಗದಿದ್ದರೆ ಭದ್ರಾವತಿಯಲ್ಲಿ ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ಹೋಗಿ ನಿಲ್ಲಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹೊಲಿಗೆಯನ್ನು ಅವಳು ದ್ವೇಷಿಸುತ್ತಿದ್ದಳೆಂದು ಹೇಳಲಾರೆ. ಅವಳು ಯಾವುದನ್ನೂ ದ್ವೇಷಿಸುತ್ತೇನೆಂದಾಗಲಿ ಇಷ್ಟಪಡುತ್ತೇನೆಂದಾಗಲಿ ಹೇಳಿದ್ದು ನಾನು ಕೇಳಿರಲಿಲ್ಲ.

ಸಂದರ್ಶನಕ್ಕೆ ಹೋಗಿ ಬಂದಳು. ಹೇಗಾಯಿತು ಎಂದರೆ "ಆಯ್ತು ಮೇಡಂ" ಎಂದಷ್ಟೇ ಹೇಳಿದಳು. ಸಂಜೆ ಶಾಲೆಯ ಮುಖ್ಯ ಶಿಕ್ಷಕಿ ನನಗೆ ಫೋನ್ ಮಾಡಿದರು. ಅವಳನ್ನು ಕಳಿಸಿದ್ದು ನಾನೇ ಎಂದು ಅವರಿಗೆ ಗೊತ್ತಿತ್ತು.

"ಮಕ್ಕಳ ಹತ್ರ ಬಿಟ್ಟು ನೋಡಿದೆ, ಅಳ್ತಿದ್ದ ಎರಡು ಮಕ್ಕಳು ಸುಮ್ನಾದ್ವು. ಆದ್ರೆ ನಿಮ್ಗೇನಿಷ್ಟ, ಹಾಬಿ ಎಂತ ಅಂತ ಕೇಳಿದ್ರೆ ನೆಲ ನೋಡ್ತಾಳೆ. ಮ್ಯಾನೇಜ್‌ಮೆಂಟಿನವ್ರು ಕೂತಿದ್ರು. ಇವ್ಳಿಗೆ ಇಂಗ್ಲಿಷೇ ಬರಲ್ಲ ಅಂದ್ಬಿಟ್ರು. ಮುಂದಿನ ಮಂಗಳವಾರ ಇನ್ನೊಂದ್ಸಲ ಕಳಿಸಿ. ಮತ್ತೆ ಹಾಗೇ ಆದ್ರೆ ನಾನೆಂತ ಮಾಡ್ಲಿಕ್ಕೂ ಆಗಲ್ಲ."

ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಬಾರದೇ ಇದ್ದದ್ದು ಏನೆಂದು ನನಗೆ ತಿಳಿಯಬೇಕಿತ್ತು. ಆ ಭಾನುವಾರ ಮುತ್ತಿನಕೊಪ್ಪಕ್ಕೆ ಅವಳ ಮನೆಗೆ ಹೋದೆ.

ಅವಳ ತಾಯಿ ಜುಬೇದಕ್ಕ ಮಾತಿನಲ್ಲಿ ಮಗಳಿಗೆ ಪೂರ್ತಿ ವಿರುದ್ಧ. ಚಹಾ, ಅದರ ಹಿಂದೆಯೇ ಸಮೋಸ, ಅದರ ಹಿಂದೆಯೇ ಊಟ ಮಾಡಿಯೇ ಹೋಗಬೇಕೆಂಬ ಒತ್ತಾಯ. ತಟ್ಟೆಯ ಕೆಳಗೆ ಹಾಸಿದ ಬಟ್ಟೆಯ ಅಂಚಿಗೆ ಬಿಳಿ ದಾರದ ಕಸೂತಿ ಇತ್ತು. ಚೆನ್ನಾಗಿದೆ ಎನ್ನಲು ಬಾಯಿ ತೆರೆದೆ, ಬಳೆ ನೆನಪಾಗಿ ಮುಚ್ಚಿಕೊಂಡೆ. ಜುಬೇದಕ್ಕ ಅದನ್ನು ಗಮನಿಸಿದರು.

"ಹೇಳಿ ಮೇಡಂ, ಪರವಾಗಿಲ್ಲ. ಹೇಳಿದ್ರೆ ಕಟ್ಟಿ ಕೊಡ್ತೀನಿ ಅಷ್ಟೇ" ಎಂದು ನಕ್ಕರು.

ನಾನು ಬಂದ ವಿಷಯ ಹೇಳಿದೆ. ಶಾಲೆಯಲ್ಲಿ ಏನು ಇಷ್ಟ ಎಂದು ಕೇಳಿದರೆ ತಬಸ್ಸುಮ್ ಉತ್ತರ ಕೊಡಲಿಲ್ಲ, ಯಾಕಿರಬಹುದು?

"ಅದು ನಾನೇ ಕಲಿಸಿದ್ದು" ಎಂದರು ಜುಬೇದಕ್ಕ, ನಗು ನಿಲ್ಲಿಸದೆ. "ಇವಳು ಸಣ್ಣವಳಿದ್ದಾಗ ನಮ್ಮವರ ದೂರದ ಅಕ್ಕ, ಆಪಾ ಅಂತೀವಿ, ಅವರ ಮನೆಗೆ ಹೋಗಿದ್ವಿ. ಗೋಡೆ ಮೇಲೆ ಗಡಿಯಾರ. ಗಂಟೆಗೊಂದ್ಸಲ ಹಕ್ಕಿ ಹೊರಗೆ ಬರೋದು. ಇವಳು ಅದ್ರ ಕೆಳಗೆ ನಿಂತು, ನನಗಿದು ಇಷ್ಟ, ನನಗಿದು ಇಷ್ಟ ಅಂತ. ನಾನು ಕಣ್ಣು ಬಿಡ್ತೀನಿ, ನೋಡಿದ್ರೆ ತಾನೆ? ಹೊರಡುವಾಗ ಆಪಾ ಸ್ಟೂಲ್ ಹಾಕಿ ಗಡಿಯಾರ ಇಳಿಸಿಬಿಟ್ರು. ನಕ್ಕೋ ನಕ್ಕೋ ಅಂತ ನಾನೆಷ್ಟು ಬೇಡ ಅಂದ್ರೂ ಕೇಳ್ಲಿಲ್ಲ. ಬಸ್ಸಲ್ಲಿ ಅದನ್ನ ತೊಡೆ ಮೇಲಿಟ್ಕೊಂಡು ಬಂದೆ. ಬಸ್ ಕುಲುಕಿದಾಗೆಲ್ಲ ಹಕ್ಕಿ ಕೂಗ್ತಿತ್ತು. ಎಲ್ರೂ ತಿರುಗಿ ತಿರುಗಿ ನೋಡೋರು."

"ಅಮ್ಮೀ, ಸಾಕು" ಎಂದಳು ತಬಸ್ಸುಮ್.

"ಸುಮ್ನಿರು ನೀನು. ಅವರ ಮನೆ ಗೋಡೇಲಿ ಬಿಳಿ ಗುರುತು ಉಳಿದಿತ್ತು ಮೇಡಂ. ಅದೇ ಕಣ್ಣಿಗೆ ಬರ್ತಿತ್ತು. ಮನೆಗೆ ಬಂದು ಇವಳನ್ನ ಕೂರಿಸಿ ಹೇಳ್ದೆ. ಇಷ್ಟ ಅಂದ್ರೆ ಕೇಳಿದ ಹಾಗೆ. ನೀನು ಬಾಯಿ ಬಿಟ್ರೆ ಅವ್ರು ಕೊಡ್ಲೇಬೇಕು. ಒಳಗೇ ಇಟ್ಕೋ ಅಂತ."

"ಅವಳು ಒಳಗೇ ಇಟ್ಟುಕೊಂಡಿದ್ದಾಳೆ" ಎಂದೆ.

ಜುಬೇದಕ್ಕನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. "ನನಗೂ ಇವಳು ಇಲ್ಲೇ ಇರ್ಬೇಕು ಮೇಡಂ. ಭದ್ರಾವತಿಗೆ ಕಳಿಸೋಕೆ ನನಗೆಲ್ಲಿ ಮನಸ್ಸು? ಆದ್ರೆ ಕೆಲಸ ಕೊಡೋರ ಮುಂದೆ ಕೂತು ನನಗದು ಇಷ್ಟ ಇದು ಇಷ್ಟ ಅನ್ನೋದು, ಕೈ ಚಾಚಿದ ಹಾಗೆ ಆಗಲ್ವಾ?"

ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುವ ಕ್ರಮಗಳ ಬಗ್ಗೆ ಒಂದು ವಿಷಯವನ್ನೇ ಓದಿದ್ದೆ. ಅದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ವಾಪಸ್ ಬಸ್ಸಿನಲ್ಲಿ ಯೋಚಿಸಿದೆ. ಬಳೆ, ಬಟ್ಟೆ, ಗಡಿಯಾರ, ಮೂರೂ ಕೈಯಿಂದ ಎತ್ತಿ ಕೊಡಬಹುದಾದ ವಸ್ತುಗಳು. ಯಾರೂ ಎತ್ತಿ ಕೊಡಲಾಗದ್ದನ್ನು ಇಷ್ಟ ಎಂದರೆ ಯಾರ ಮೇಲೂ ಭಾರ ಬೀಳುವುದಿಲ್ಲ. ಪಾಠವನ್ನು ಅಲ್ಲಿಂದಲೇ ಶುರು ಮಾಡಬೇಕಿತ್ತು.

ಸೋಮವಾರ ತರಗತಿಯಲ್ಲಿ ಹಾಳೆ ಹಂಚಲಿಲ್ಲ. ನಿಯಮ ಒಂದೇ ಎಂದೆ. ನೀವು ಇಷ್ಟ ಎಂದದ್ದನ್ನು ಯಾರಿಗೂ ಕೊಡಲು ಆಗಬಾರದು. ಮೊದಲು ಒಬ್ಬರು, ಶುಕ್ರವಾರ ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲಿನ ಹೊತ್ತು ನನಗಿಷ್ಟ ಎಂದರು. ಇನ್ನೊಬ್ಬರಿಗೆ ಪಕ್ಕದ ಮನೆಯ ಕುಕ್ಕರಿನ ಸೀಟಿ ಇಷ್ಟ, ಯಾಕೆಂದರೆ ಆ ಅಡುಗೆ ಅವರು ಮಾಡಬೇಕಾಗಿಲ್ಲ. ಬಳೆ ಕೊಟ್ಟವರಿಗೆ ಬಸ್ ತಡವಾಗುವುದು ಇಷ್ಟ.

"ಯಾಕೆ?"

"ಸ್ಟ್ಯಾಂಡಲ್ಲಿ ಮಾತಾಡ್ಬಹುದಲ್ಲ ಮೇಡಂ. ಮನೇಲಿ ಕೇಳಿದ್ರೆ ಬಸ್ಸೇ ಬರ್ಲಿಲ್ಲ ಅಂತೀನಿ."

ಪದ ಸಿಗದಿದ್ದಾಗ ಕೇಳಿದರು, ನಾನು ಬೋರ್ಡಿನ ಮೇಲೆ ಬರೆದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಪದಗಳು ಬೇಕಾಗಿದ್ದವು. ಕೊನೆಗೆ ತಬಸ್ಸುಮ್ ಎದ್ದಳು. ಇಂಗ್ಲಿಷಿನಲ್ಲೇ, ನಿಧಾನವಾಗಿ, ಸಣ್ಣ ಮಕ್ಕಳು ಸುಳ್ಳು ಹೇಳುವುದನ್ನು ಕೇಳಲು ನನಗೆ ಇಷ್ಟ ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಕುಳಿತುಬಿಟ್ಟಳು.

ಸಂಜೆ ನಾಗೇಶ ಸರ್‌ಗೆ ಇದನ್ನು ಹೇಳಿದೆ. ಮರುದಿನವೇ ಸಂದರ್ಶನ.

"ಅಲ್ಲ ಮಾರಾಯ್ರೆ, ಶಾಲೆಯವ್ರ ಎದುರು ಕೂತು ಸುಳ್ಳು ಇಷ್ಟ ಅಂತ ಹೇಳೂದಾ? ಓದೂದು, ಗಿಡ ಬೆಳೆಸೂದು ಅಂತ ಹೇಳಿ ಬರ್ಲಿ. ಎರಡು ನಿಮಿಷದ ಕೆಲಸ."

"ಅದು ಅವಳದ್ದಲ್ಲ ಸರ್."

"ಅವ್ಳದ್ದೇ ಆಗೂದು ಬ್ಯಾಡ. ಕೆಲಸ ಕೇಳ್ಲಿಕ್ಕೆ ಹೋದವ್ರಿಗೆ ಸ್ವಂತ ರುಚಿ ಎಂತಕ್ಕೆ? ಕೆಲಸ ಸಿಕ್ಕಿದ ಮೇಲೆ ಇಟ್ಕೊಳ್ಳಲಿ. ನೀವು ಅವ್ಳ ಹತ್ರ ಪ್ರಯೋಗ ಮಾಡ್ಬೇಡಿ. ಕೈತಪ್ಪೂದು ಅವ್ಳ ಕೆಲಸ, ನಿಮ್ದಲ್ಲ."

ಅವರ ಕೊನೆಯ ಮಾತು ಸರಿಯಾಗಿತ್ತು. ನಾನು ತಬಸ್ಸುಮ್‌ಗೆ ಫೋನ್ ಮಾಡಿ, ಓದುವುದು, ಮಕ್ಕಳ ಸುಳ್ಳು, ಎರಡನ್ನೂ ಅಭ್ಯಾಸ ಮಾಡಿಕೊಂಡು ಬಾ, ಯಾವುದನ್ನು ಹೇಳಬೇಕೆಂದು ನೀನೇ ನೋಡು ಎಂದೆ. ಆ ಕಡೆಯಿಂದ "ಹೂಂ ಮೇಡಂ" ಎಂದು ಬಂತು.

ಮಂಗಳವಾರ ಶಾಲೆಗೆ ಜುಬೇದಕ್ಕನೂ ಬಂದಿದ್ದರು. ನಾನೂ ಜೊತೆಗಿರಬೇಕೆಂದು ಅವರು ಕೇಳಿಕೊಂಡಿದ್ದರಿಂದ ತರಗತಿಗೆ ಮೊದಲು ಹೋದೆ. ತಬಸ್ಸುಮ್ ಒಳಗೆ ಹೋದಳು. ನಾವಿಬ್ಬರೂ ಹೊರಗೆ ಜಗಲಿಯ ಬೆಂಚಿನ ಮೇಲೆ ಕುಳಿತೆವು. ಕಿಟಕಿ ತೆರೆದಿತ್ತು. ಒಳಗಿನ ಮಾತು ಕೇಳುತ್ತಿತ್ತು, ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ಜುಬೇದಕ್ಕ ನನ್ನ ತೋಳು ಹಿಡಿದು, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದರು. ನಾನು ಅವರ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ.

ಹೆಸರು, ಊರು, ಓದು ಆಯಿತು. ಏನು ಇಷ್ಟ ಎಂಬ ಪ್ರಶ್ನೆ ಬಂತು.

ಓದುವುದು ಇಷ್ಟ ಎಂದಳು ತಬಸ್ಸುಮ್.

"ಓದೋದಂತೆ" ಎಂದೆ. ಜುಬೇದಕ್ಕ ತಲೆಯಾಡಿಸಿದರು.

ಕೊನೆಯದಾಗಿ ಓದಿದ ಪುಸ್ತಕ ಯಾವುದು ಎಂದು ಮ್ಯಾನೇಜ್‌ಮೆಂಟಿನವರು ಕೇಳಿದರು. ಅಂಗಳದಲ್ಲಿ ಯಾರೋ ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಜುಬೇದಕ್ಕ ಏನಂತೆ ಎಂದು ಕೇಳಲಿಲ್ಲ. ಮೌನ ಅವರಿಗೂ ಅರ್ಥವಾಗಿತ್ತು.

ಆಮೇಲೆ ತಬಸ್ಸುಮ್ ಸ್ವಲ್ಪ ಗಟ್ಟಿ ದನಿಯಲ್ಲೇ, ಅದು ನಿಜವಲ್ಲ ಸರ್, ನನಗೆ ಇಷ್ಟವಾಗುವುದು ಸಣ್ಣ ಮಕ್ಕಳು ಹೇಳುವ ಸುಳ್ಳು ಕೇಳುವುದು ಎಂದಳು.

ನಾನು ಅದನ್ನು ಜುಬೇದಕ್ಕನಿಗೆ ಹೇಳಲು ಹಿಂಜರಿದೆ. ಅವರು ತೋಳು ಜಗ್ಗಿದರು. ಹೇಳಿದೆ. ಅವರು ಬಾಯಿಗೆ ದುಪಟ್ಟಾ ಒತ್ತಿಕೊಂಡರು.

ಒಳಗೆ ಮುಖ್ಯ ಶಿಕ್ಷಕಿ ಒಂದು ಉದಾಹರಣೆ ಕೇಳಿದರು. ತಬಸ್ಸುಮ್ ಹೇಳತೊಡಗಿದಳು. ಅವಳ ಅಣ್ಣನ ಮಗ ಅಯಾನ್ ಒಂದು ದಿನ ಡಬ್ಬದಲ್ಲಿದ್ದ ಬಿಸ್ಕತ್ತೆಲ್ಲ ತಿಂದ. ಯಾರು ತಿಂದದ್ದು ಎಂದರೆ ಕಾಗೆ ಎಂದ. ಕಾಗೆ ಎಲ್ಲಿ ಎಂದರೆ ಅಜ್ಜಿ ಮನೆಗೆ ಹೋಯಿತು. ಹಾರಿಕೊಂಡಾ? ಅಲ್ಲ, ಹೊಟ್ಟೆ ಭಾರವಾಗಿತ್ತು, ಬಸ್ಸಿನಲ್ಲಿ ಹೋಯಿತು. ಕಿಟಕಿ ಪಕ್ಕ ಕೂತಿತ್ತು.

ಕಾಗೆ ಟಿಕೆಟ್ ತೆಗೆದುಕೊಂಡಿತ್ತೇ ಎಂದು ಮುಖ್ಯ ಶಿಕ್ಷಕಿ ಕೇಳಿದರು.

ಹಾಫ್ ಟಿಕೆಟ್ ಎಂದಳು ತಬಸ್ಸುಮ್.

ಒಳಗೆ ನಗು ಕೇಳಿಸಿತು. ಮ್ಯಾನೇಜ್‌ಮೆಂಟಿನವರು ಮಾತ್ರ ನಗದೆ, ಹಾಗಾದರೆ ಮಕ್ಕಳು ಸುಳ್ಳು ಹೇಳಿದರೆ ನೀವು ಸುಮ್ಮನಿರುತ್ತೀರಾ ಎಂದರು. ತಬಸ್ಸುಮ್ ಸ್ವಲ್ಪ ಯೋಚಿಸಿ, ಮೊದಲು ಪೂರ್ತಿ ಕೇಳುತ್ತೇನೆ, ಆಮೇಲೆ ಬಿಸ್ಕತ್ತಿನ ವಿಷಯ ಕೇಳುತ್ತೇನೆ, ಪೂರ್ತಿ ಕೇಳಿದರೆ ಅವರೇ ಹೇಳುತ್ತಾರೆ ಎಂದಳು. ಎರಡು ಕಡೆ ಕ್ರಿಯಾಪದ ತಪ್ಪಿತು. ಯಾರೂ ತಿದ್ದಲಿಲ್ಲ.

ನಾನು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಾಗ ಜುಬೇದಕ್ಕ ಕಿಟಕಿಯ ಕಡೆಯೇ ನೋಡುತ್ತಿದ್ದರು.

"ಆ ಬಿಸ್ಕೆಟ್ ಡಬ್ಬ ಖಾಲಿ ಆದಾಗ ನಾನು ಇವಳಿಗೇ ಬೈದಿದ್ದೆ ಮೇಡಂ" ಎಂದರು. "ಕಾಗೆ ಕಥೆ ನನಗೆ ಹೇಳ್ಲೇ ಇಲ್ಲ. ಇಷ್ಟೊಂದು ಮಾತಾಡ್ತಾಳಾ ಇವಳು?"

ತಬಸ್ಸುಮ್ ಹೊರಗೆ ಬಂದಳು. ಮುಂದಿನ ಸೋಮವಾರದಿಂದ ಬರಲು ಹೇಳಿದ್ದಾರೆ ಎಂದಳು. ಜುಬೇದಕ್ಕ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಉರ್ದುವಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಯಿತು. ಅದು ಅವರಿಬ್ಬರಿಗೆ ಸೇರಿದ್ದು.

ಬಸ್ ಸ್ಟ್ಯಾಂಡಿನವರೆಗೆ ಮೂವರೂ ನಡೆದೆವು. ಜುಬೇದಕ್ಕ ದಾರಿಯಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹೇಳುತ್ತಾ ಹಿಂದೆ ಉಳಿದರು. ಸೋಮವಾರದಿಂದ ತರಗತಿಗೆ ಬರಲಾಗುವುದಿಲ್ಲ ಎಂದಳು ತಬಸ್ಸುಮ್. ಅದು ನನಗೂ ಗೊತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ, ನನ್ನ ಕಡೆ ನೋಡದೆ, ನಿಮಗೇನು ಇಷ್ಟ ಮೇಡಂ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದ್ದೆ, ನನ್ನನ್ನು ಯಾರೂ ಕೇಳಿರಲಿಲ್ಲ. ಮುತ್ತಿನಕೊಪ್ಪದ ಬಸ್ ನಿಂತಿತ್ತು. "ಬಸ್ ಹೊರಡ್ತದೆ ನೋಡು" ಎಂದೆ. ಅಷ್ಟರಲ್ಲಿ ಬಂದು ಸೇರಿದ ತಾಯಿಯೊಂದಿಗೆ ಅವಳು ಹತ್ತಿದಳು, ಕಿಟಕಿಯಿಂದ ಕೈಬೀಸಿದಳು.

ಮರುದಿನ ಬೆಳಿಗ್ಗೆ ಕೊಪ್ಪದ ತರಗತಿಯಲ್ಲಿ ಯಾರನ್ನೂ ಏನೂ ಕೇಳುವ ಮೊದಲು ಬೋರ್ಡಿನ ಮೇಲೆ ನನ್ನದೊಂದು ವಾಕ್ಯ ಬರೆದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡುವುದನ್ನು ಕೇಳಲು ನನಗೆ ಇಷ್ಟ. ಗಟ್ಟಿಯಾಗಿ ಓದಿಯೂ ಹೇಳಿದೆ. ಯಾವಾಗಲೂ ನನ್ನ ಹಿಂದಿನ ಸೀಟಿನಲ್ಲೇ ಕೂತು ಬರುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾವು ಉರ್ದುನಲ್ಲಿ ಮಾತಾಡಿದ್ದೂ ಮೇಡಂ?"

"ಅದೂ" ಎಂದೆ. ಚಾಕ್‌ಪೀಸನ್ನು ಪ್ರಶ್ನೆ ಕೇಳಿದವರ ಕೈಗೆ ಅವರ ವಾಕ್ಯ ಬರೆಯಲು ಕೊಟ್ಟು, ಬೆಂಚಿನಲ್ಲಿ ಅವರ ಜಾಗಕ್ಕೆ ಹೋಗಿ ಕುಳಿತೆ.